ಬೀಡಿಗೊಂದು ಷರತ್ತು

ಗಂಡನ ಬೀಡಿಕಟ್ಟು ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿ, ಚೆಲುವಮ್ಮ ಡಾಕ್ಟರ ಹತ್ತಿರ ಹೋದಳು.

"ಬಚ್ಚಿಡಬೇಡಿ ಅಮ್ಮ. ಒಂದೇ ಸಲಕ್ಕೆ ಬಿಡೋದು ಕಷ್ಟ, ಮೊದಲು ಕಮ್ಮಿಯಾಗಲಿ. ಕಟ್ಟು ನಿಮ್ಮ ಹತ್ರ ಇರಲಿ, ಕೇಳಿದಾಗ ಒಂದೊಂದೇ ಕೊಡಿ," ಎಂದರು ಡಾಕ್ಟರು.

ಮದುವೆಯಾದಾಗಿನಿಂದ ಬೋರಯ್ಯ ಹೆಂಡತಿಯನ್ನು ಕರೆದದ್ದೆಲ್ಲ "ಇವಳೇ" ಎಂದೇ. ಚೆಲುವಮ್ಮ ತನ್ನದೂ ಒಂದು ಷರತ್ತು ಸೇರಿಸಿದಳು: "ನನ್ನ ಹೆಸರು ಹಿಡಿದು ಕರೀರಿ, ಬೀಡಿ ಕೊಡ್ತೀನಿ."

ಬೋರಯ್ಯ ನಾಚಿ ನೀರಾದ. ಸೊಸೆ ಒಳಗಿದ್ದರೆ ಕರೆಯಲಾರ, ಬೀದಿಯಲ್ಲಿ ಜನವಿದ್ದರೂ ಕರೆಯಲಾರ. ಬೀಡಿ ತಾನಾಗಿ ಕಮ್ಮಿಯಾಗುತ್ತಾ ಬಂತು.

ಯುಗಾದಿ ಕಳೆದ ಮೇಲೊಂದು ಸಂಜೆ, ಜಗಲಿಯ ತುಂಬ ನೆಂಟರು ಕೂತಿರುವಾಗಲೇ ಅವನ ದನಿ ಕೇಳಿಸಿತು: "ಚೆಲುವಾ..."

ಅವಳು ಬೀಡಿ, ಬೆಂಕಿಪೊಟ್ಟಣ ಹಿಡಿದು ಓಡಿ ಬಂದಳು.

ಬೋರಯ್ಯ ಬೀಡಿಯತ್ತ ನೋಡಲೂ ಇಲ್ಲ. "ಸುಮ್ನೆ ಕರ್ದೆ ಕಣೇ."