ಸಮಬಾಳಿನ ಎಣ್ಣೆ ಗುಡಾಣ

ಸೋಮವಾರ ಬೆಳಿಗ್ಗೆ ಉಗ್ರಾಣದಲ್ಲಿ ಕಾವಲುಗಾರ ಚಿತ್ತಪ್ಪ ಕ್ಯಾನು ಸಮೇತ ಸಿಕ್ಕಿಬಿದ್ದ. ಎಣ್ಣೆ ಗುಡಾಣದ ಮುಚ್ಚಳ ತೆರೆದಿತ್ತು. ಹಿಡಿದವಳು ಕಾವ್ಯ. ಧ್ಯಾನಕ್ಕೆ ಕೂತವರೆಲ್ಲ ಕಣ್ಣು ಮುಚ್ಚಿ ವಿಶ್ವದ ಜೊತೆ ಒಂದಾಗುತ್ತಿದ್ದಾಗ, ಅವಳು ಒಂದು ಕಣ್ಣನ್ನು ಕಾವಲುಗಾರನ ಮೇಲೆ ಇಟ್ಟಿದ್ದಳು.

ಕೊಂಡ್ಲಹಳ್ಳಿಯಾಚೆ ಗುಡ್ಡದ ಬುಡದ ಈ 'ಸಮಬಾಳು' ಆಶ್ರಮದಲ್ಲಿ ಯಾವುದೂ ಯಾರದ್ದೂ ಅಲ್ಲ. ಪೇಟೆ ಬೇಸರವಾಗಿ ಬಂದ ಇಪ್ಪತ್ತೆರಡು ಜನಕ್ಕೆ ಮಣ್ಣಿನ ಮನೆಗಳು, ಒಂದೇ ಒಲೆ. ಅಂಗಡಿಯ ಸಾಮಾನು ಒಳಗೆ ಬರಕೂಡದು. ಏನನ್ನೂ ಅಳೆಯಕೂಡದು, ಅಳತೆಯ ಹಿಂದೆಯೇ ಆಸೆ ಬರುತ್ತದಂತೆ. ಕಳೆದ ಸುಗ್ಗಿಯಲ್ಲಿ ಅರ್ಧ ಎಕರೆ ಶೇಂಗಾ ಬೆಳೆದು, ತಾವೇ ಗಾಣ ಆಡಿಸಿ ಗುಡಾಣ ತುಂಬಿದ್ದರು. ಎಂಟು ತಿಂಗಳಿಂದ ಎಲ್ಲರ ಒಗ್ಗರಣೆಯೂ ಅದರಲ್ಲೇ. ಸುತ್ತಲಿನ ರೈತರು ಕೇಳಿ ತಲೆ ಕೆರೆದುಕೊಂಡರು.

"ಭೂಮಿತಾಯಿಗೆ ಲೆಕ್ಕ ಬರೋದಿಲ್ಲ," ಎಂದು ನಗುತ್ತಿದ್ದರು ಸ್ಥಾಪಕ ಹನುಮಂತರಾಯರು. "ಅವಳು ನಮ್ಮನ್ನು ಸಾಕದ ದಿನ ಇದನ್ನು ಮುಚ್ಚಿ ಗಂಟುಮೂಟೆ ಕಟ್ತೇವೆ."

ಹೇಳುವುದಕ್ಕೇನು, ಎಲ್ಲರಿಗೂ ಪೇಟೆಯಲ್ಲಿ ಮನೆಗಳಿದ್ದವು. ಚಿತ್ತಪ್ಪನಿಗೂ ಅವನ ಕಾಯಿಲೆಯ ಹೆಂಡತಿ ರಂಗಕ್ಕನಿಗೂ ಇದ್ದದ್ದು ಇಲ್ಲಿನ ಒಂದು ಕೋಣೆ.

ಸಭೆ ದುಂಡಗೆ ಕೂತಿತು. ಸಮಾನತೆಯ ಸಂಕೇತ. ಚಿತ್ತಪ್ಪ ಮಾತ್ರ ನಡುವೆ ನಿಂತಿದ್ದ. ಅವನ ಕ್ಯಾನು ಖಾಲಿಯಿತ್ತು.

"ತುಂಬಿಸಿಕೊಳ್ಳೋ ಮೊದಲೇ ಹಿಡಿದೆ," ಎಂದಳು ಕಾವ್ಯ.

ರಾಯರು ಚಿತ್ತಪ್ಪನನ್ನು ಕೇಳಿದರು: "ಎಷ್ಟು ದಿನದಿಂದ ನಡೀತಿದೆ ಇದು?"

"ಯುಗಾದಿಯಿಂದ ರಾಯರೇ. ವಾರಕ್ಕೊಂದು ಕ್ಯಾನು."

"ಭಾನುವಾರ ಭಾನುವಾರ ಚಳ್ಳಕೆರೆಗೆ ಓಡ್ತಿದ್ದದ್ದು ಇದಕ್ಕೇನಾ?"

"ಹೌದ್ರಿ."

"ನಾಚಿಕೆ ಆಗೋಲ್ವಾ?"

"ಆಗ್ತೈತ್ರಿ. ಅದ್ಕೇ ನಿಮ್ಗೆ ಹೇಳ್ಲಿಲ್ಲ. ರಂಗಿ ತಲೆ ಮ್ಯಾಲೆ ಒಂದು ಸೂರು ಉಳೀಲಿ ಅಂತ..."

ರಾಯರ ಕಣ್ಣು ತುಂಬಿತು. ಮುಂದಿದ್ದ ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ಮೂಗಿನ ಹತ್ತಿರ ತಂದರು. "ನಮ್ಮ ಗಾಣದ ಎಣ್ಣೆಯ ಘಮ ನೋಡಿ! ಮಿಲ್ಲಿನ ಎಣ್ಣೆ ನಾಲಿಗೆಗೆ ತಾಕಿದರೂ ನನಗೆ ವಾಂತಿ. ಇಂಥ ಅಮೃತವನ್ನು ಮಾರಿಕೊಂಡನಲ್ಲ!"

ಒಲೆಗೆ ಎಷ್ಟು ಸೌದೆ ಇಡಬೇಕೆಂದು ಮೂರು ದಿನ ಚರ್ಚಿಸಿದ್ದ ಸಭೆಯದು. ಕಾಯಿಲೆಯ ಹೆಂಗಸನ್ನು ಬೀದಿಗೆ ಹಾಕಲು ಅದಕ್ಕೆ ಐದು ನಿಮಿಷ ಸಾಕಾಯಿತು. ಇಪ್ಪತ್ತೆರಡು ಕೈಗಳೂ ಒಟ್ಟಿಗೆ ಮೇಲೆದ್ದವು. ಆಮೇಲೆ ಮಂಡಕ್ಕಿ ಆರುತ್ತದೆಂದು ಎಲ್ಲರೂ ತಿಂದರು.

ಮಧ್ಯಾಹ್ನ ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ರಂಗಕ್ಕನ ತೋಳು ಹಿಡಿದು ಚಿತ್ತಪ್ಪ ಚಳ್ಳಕೆರೆಯಲ್ಲಿ ಬಸ್ಸಿಳಿದ. ಎಣ್ಣೆ ಅಂಗಡಿಯ ಪೀರ್ ಸಾಬ್ ಗಲ್ಲಾದಿಂದಲೇ ಕೂಗಿದ:

"ಏನ್ ಚಿತ್ತಪ್ಪ, ನಿನ್ನೆ ಒಯ್ದ ಮಿಲ್ ಎಣ್ಣೆ ಆಗ್ಲೇ ಖಾಲಿಯಾಯ್ತಾ? ನಿನ್ ಸಂಬ್ಳ ಎಲ್ಲಾ ಆ ಸಮಬಾಳಿನೋರ ಗುಡಾಣಕ್ಕೇ ಸುರಿದ್ರೆ ನೀನು ತಿನ್ನೋದೇನಪ್ಪ?"