ಹೇಳದೆ ಕೇಳದೆ ಹೊರಟಿದ್ದು

“ಹೋದ ವರ್ಷ ನೀವು ಹೇಳಿದ್ದ ಹಾಗೇ ಕಿಟಕಿ ಪಕ್ಕದ ಟೇಬಲ್ ಇಟ್ಟಿದ್ದೀವಿ ಸರ್,” ಎಂದ ಸಪ್ಲೈಯರ್.

ಅವಳ ಕೈಯಲ್ಲಿದ್ದ ಚಮಚ ನಿಂತಿತು. ಗಂಡ ತಲೆ ಎತ್ತಲಿಲ್ಲ. ಬ್ರೆಡ್ಡಿನ ಅಂಚಿನಿಂದ ಅಂಚಿಗೆ ಬೆಣ್ಣೆಯನ್ನು ಸಮನಾಗಿ ಸವರುತ್ತಿದ್ದ. ಸಪ್ಲೈಯರ್ ಅತ್ತ ಹೋದ ಮೇಲೆ, ದಿನಕ್ಕೆ ಸಾವಿರ ಮುಖ ನೋಡುವವನು, ಯಾರನ್ನೋ ಯಾರೋ ಅಂದುಕೊಂಡಿರಬೇಕು ಎಂದ.

ಹಡಗು ಹತ್ತಿದ ಎರಡನೇ ದಿನ ಅದು. ಅವಳಿಗೆ ಗೊತ್ತಿದ್ದ ಮಟ್ಟಿಗೆ ಈ ಪ್ರವಾಸ ನಿಶ್ಚಯವಾಗಿ ಒಂದು ವಾರವೂ ಆಗಿರಲಿಲ್ಲ.

ಅವನು ಭೂಮಾಪನ ಇಲಾಖೆಯಲ್ಲಿ ಜನ್ಮ ಸವೆಸಿದವನು. ಕಚೇರಿಯಲ್ಲಿ ಅವನಿಗೆ ‘ಟೇಪು’ ಎಂದೇ ಹೆಸರು. ಮುಂದಿನ ತಿಂಗಳು ಯಾವ ದಿನ ಕೂದಲು ಕತ್ತರಿಸಿಕೊಳ್ಳಬೇಕು ಎನ್ನುವುದು ಈ ತಿಂಗಳೇ ಕ್ಯಾಲೆಂಡರಿನಲ್ಲಿ ಬರೆದಿರುತ್ತಿತ್ತು. ಅವಳು ಹೊಲಿಗೆ ಅಂಗಡಿಯವಳು. ಬಟ್ಟೆಗೆ ಗುರುತು ಹಾಕದೆ ಕಣ್ಣಳತೆಯಲ್ಲೇ ಕತ್ತರಿ ಆಡಿಸುವ ಕೈ ಅವಳದು. ಮದುವೆಯಾದ ಹೊಸದರಲ್ಲೇ ಕೇಳಿದ್ದಳು, ಒಂದು ಸಲವಾದರೂ ಹೇಳದೆ ಕೇಳದೆ ಎಲ್ಲಿಗಾದರೂ ಹೊರಟುಬಿಡೋಣ ಎಂದು. ಆಮೇಲೂ ಕೇಳಿದಳು. ಕೇಳಿ ಕೇಳಿ ಬಾಯಿ ಸೋತು ಬಿಟ್ಟೂಬಿಟ್ಟಿದ್ದಳು.

ಅಂಥವನು ಹೋದ ವಾರ ಅಂಗಡಿಯ ಬಾಗಿಲಿಗೇ ಬಂದು ನಿಂತು, “ನಾಡಿದ್ದು ಹಡಗು ಹತ್ತೋಣ, ಬಟ್ಟೆ ತುಂಬ್ಕೋ,” ಎಂದ.

ಮೂರು ತಿಂಗಳ ಹಿಂದಷ್ಟೇ ಆಸ್ಪತ್ರೆಯಲ್ಲಿ ಅವನ ಎದೆ ಕೊಯ್ದು ಹೊಲಿದಿದ್ದರು. ಸಾವಿನ ಬಾಗಿಲ ತನಕ ಹೋಗಿ ಬಂದವನಿಗೆ ಬದುಕು ಏನೆಂದು ಈಗ ತಿಳಿಯಿತು ಅಂದುಕೊಂಡಳು. ಅರ್ಧ ಹೊಲಿದಿದ್ದ ಮದುಮಗಳ ಬಟ್ಟೆಯನ್ನು ಪಕ್ಕದ ಅಂಗಡಿಯವಳಿಗೆ ಒಪ್ಪಿಸಿ, ಆ ಹುಡುಗಿಯ ತಾಯಿಯಿಂದ ಮುಖದ ನೀರಿಳಿಯುವಂತೆ ಬೈಸಿಕೊಂಡು, ನಗುತ್ತಲೇ ಷಟರ್ ಎಳೆದಿದ್ದಳು.

ಸಪ್ಲೈಯರನ ಮಾತು ಕೇಳಿದ ಮೇಲೆ ಕಂಡದ್ದಕ್ಕೆಲ್ಲ ಬೇರೆಯೇ ಅರ್ಥ ಹುಟ್ಟತೊಡಗಿತು.

ಅವರ ಕೋಣೆಯಲ್ಲಿ ಸರಿಯಾದ ಹಾಸಿಗೆ ಇದ್ದದ್ದು ಒಂದೇ, ಸಮುದ್ರದ ಕಡೆಯ ದೊಡ್ಡ ಕಿಟಕಿಯ ಕೆಳಗೆ. ಅವಳು ಮಲಗುತ್ತಿದ್ದದ್ದು ಗೋಡೆಯಿಂದ ಬಿಚ್ಚಿ ಇಳಿಸುವ ಕಿರುಮಂಚದ ಮೇಲೆ. ಕೊನೇ ಗಳಿಗೆಯಲ್ಲಿ ಇಷ್ಟು ಸಿಕ್ಕಿದ್ದೇ ಹೆಚ್ಚು ಎಂದಿದ್ದ. ಬೆಳಿಗ್ಗೆ ಬೆಳಿಗ್ಗೆ ಹಡಗಿನ ನರ್ಸ್ ಬಂದು, ಸರ್ ನಿದ್ದೆ ಮಾಡಿದರಾ, ಮಾತ್ರೆ ತೆಗೆದುಕೊಂಡರಾ ಎಂದು ಇವಳನ್ನು ವಿಚಾರಿಸಿ ರುಜು ಹಾಕಿಸಿಕೊಂಡು ಹೋಗುತ್ತಿದ್ದಳು. ದೊಡ್ಡ ಹಡಗಿನ ಉಪಚಾರವೇ ಹೀಗಿರಬೇಕು ಎಂದು ಇವಳು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಹೋದ ವರ್ಷ ಆ ಟೇಬಲ್ ಹೇಳಿದ್ದು ಯಾವಳಿಗಾಗಿ ಎಂದು ಅವಳ ಕಣ್ಣು ಹಡಗಿನ ಹೆಂಗಸರ ಮೇಲೆ ನೆಟ್ಟಿತ್ತು.

ಮೂರನೇ ದಿನ ಮಧ್ಯಾಹ್ನ ಹಾಸ್ಯ ಕಾರ್ಯಕ್ರಮಕ್ಕೆ ಹೊರಟ. ಟಿಕೆಟ್ ಒಂದೇ ಇತ್ತು, ಇನ್ನೊಂದು ಸೀಟು ಸಿಗಲಿಲ್ಲವಂತೆ. ಡೆಕ್ಕಿನ ಮೇಲೆ ಕೂತು ಸಮುದ್ರದ ಚಿತ್ರ ಬರೆಯುವ ನರೆಗೂದಲಿನ ಒಂಟಿ ಹೆಂಗಸೊಬ್ಬಳಿದ್ದಳು, ಅವನು ಅವಳನ್ನು ನೋಡಿ ಎರಡು ಸಲ ಮುಗುಳ್ನಕ್ಕಿದ್ದ. ಇವಳು ಹತ್ತು ನಿಮಿಷ ಬಿಟ್ಟು ಹಿಂದೆಯೇ ಹೋಗಿ ಬಾಗಿಲ ಸಂದಿಯಿಂದ ಇಣುಕಿದಳು. ಅವನ ಒಂದು ಪಕ್ಕ ಒಬ್ಬ ಮುದುಕ, ಇನ್ನೊಂದು ಪಕ್ಕ ಮುದುಕನ ಮೊಮ್ಮಗಳು. ನಡುವೆ ಅವನು ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ. ಆ ನಗು ಅವರ ಮನೆಯ ಗೋಡೆಗಳು ಒಂದು ದಿನವೂ ಕೇಳಿದ್ದಲ್ಲ.

ಹಾಗಾದರೆ ಬರಬೇಕಾಗಿದ್ದವಳು ಕೊನೆಗೆ ಕೈಕೊಟ್ಟಿದ್ದಾಳೆ. ಅವಳ ಜಾಗ ಖಾಲಿ ಹೋಗಬಾರದೆಂದು ನನ್ನನ್ನು ತುಂಬಿಸಿಕೊಂಡು ಬಂದಿದ್ದಾನೆ. ಹಾಗೆಂದು ತೀರ್ಮಾನಿಸಿದಳು. ಯಾರೋ ಬಿಟ್ಟ ಬಟ್ಟೆಯನ್ನು ಒಳಗೆ ಹಿಡಿದು ಹೊಲಿದು ತೊಡಿಸಿದ ಹಾಗೆ ಮೈ ಚುಚ್ಚಿತು.

ರಾತ್ರಿಯ ಮಾತ್ರೆ ಕೊಡುವಾಗ ಕೇಳಿಯೇಬಿಟ್ಟಳು. “ಇಲ್ಲಿಗೆ ಯಾರ ಜೊತೆ ಬರಬೇಕು ಅಂತಿದ್ರಿ?”

“ಯಾರ ಜೊತೆಗೂ ಇಲ್ಲ,” ಎಂದ.

ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗುತ್ತದೆ. ಆಗಲಿಲ್ಲ. ಸುಳ್ಳನ್ನೂ ಇಷ್ಟು ಪಳಗಿಸಿಕೊಂಡಿದ್ದಾನಲ್ಲ ಎಂದು ಅವಳಿಗೆ ಭಯವಾಯಿತು.

ಐದನೇ ದಿನ ಅವನು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಕೆಳಗಿನ ಅಂತಸ್ತಿನ ಕೌಂಟರಿಗೆ ಇಳಿದು ಹೋದಳು. ಅಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ತಮ್ಮ ಕೋಣೆಯ ಬುಕ್ಕಿಂಗಿನಲ್ಲಿ ತನ್ನ ಹೆಸರಿಗೆ ಮುಂಚೆ ಯಾರ ಹೆಸರಿತ್ತು ನೋಡಿ ಹೇಳಮ್ಮ ಎಂದು ಕೇಳಿದಳು. ಯಾವ ಹೆಸರು ಬಂದರೂ ಮುಖ ಕೆಡಿಸಿಕೊಳ್ಳಬಾರದೆಂದು ಹಲ್ಲು ಕಚ್ಚಿ ನಿಂತಳು.

ಹುಡುಗಿ ಹುಡುಕಿ ನೋಡಿ, ಯಾರದ್ದೂ ಇರಲಿಲ್ಲ ಎಂದಳು. ಹದಿನಾಲ್ಕು ತಿಂಗಳ ಹಿಂದೆ ಸರ್ ತಮ್ಮೊಬ್ಬರಿಗೇ ಮಾಡಿಸಿದ ಬುಕ್ಕಿಂಗ್. ಟೇಬಲ್, ಹಾಸ್ಯ ಕಾರ್ಯಕ್ರಮ, ಎಲ್ಲ ಒಬ್ಬರಿಗೇ.

ಬೇರೆ ಹೆಂಗಸಿಲ್ಲ. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಎಂಥ ಮನುಷ್ಯನ ಮೇಲೆ ಎಂಥ ಅನುಮಾನ ಪಟ್ಟೆ ಎಂದು ನಾಚಿಕೆಯೂ ಆಯಿತು. ತನಗೊಬ್ಬನಿಗೇ ಇಟ್ಟುಕೊಂಡಿದ್ದ ಪ್ರವಾಸಕ್ಕೆ ಕಡೆಗೆ ನನ್ನನ್ನು ಕರೆದನಲ್ಲ, ಇಷ್ಟು ವರ್ಷಕ್ಕೆ ಒಂದು ಸಲವಾದರೂ ಯೋಜನೆ ಮುರಿದನಲ್ಲ! ಕಣ್ಣು ಒರೆಸಿಕೊಂಡಳು.

ಹುಡುಗಿ ಇನ್ನೂ ಪರದೆ ನೋಡುತ್ತಿದ್ದಳು. ಎದೆಯ ಆಪರೇಷನ್ ಆದವರನ್ನು ಆರು ತಿಂಗಳ ತನಕ ಒಂಟಿಯಾಗಿ ಹಡಗು ಹತ್ತಿಸುವುದಿಲ್ಲ, ಅದಕ್ಕೇ ಹೊರಡಲು ಮೂರು ದಿನ ಇರುವಾಗ ನಿಮ್ಮನ್ನು ಸೇರಿಸಿದ್ದಾರೆ ಎಂದು ವಿವರಿಸಿದಳು. ಆ ಕಿಟಕಿಯ ಕೋಣೆ ಒಬ್ಬರದ್ದು, ಜೊತೆ ಪ್ರಯಾಣಿಕರೆಂದು ಸೇರಿಸಿದ್ದರೆ ಅದನ್ನು ಬಿಟ್ಟುಕೊಡಬೇಕಿತ್ತು. ಸರ್ ಒಪ್ಪಲಿಲ್ಲ, ಫಾರ್ಮ್ ಬೇರೆ ಥರ ತುಂಬಿ ಕಳಿಸಿದರು.

“ನೀವು ತುಂಬಾ ಚೆನ್ನಾಗಿ ನೋಡ್ಕೋತೀರಿ ಅಂತ ನರ್ಸ್ ದಿನಾ ಹೇಳ್ತಾರೆ,” ಎಂದು ಹುಡುಗಿ ಅಕ್ಕರೆಯಿಂದ ನಕ್ಕಳು. “ಸರ್ ಹತ್ರ ಕೆಲಸಕ್ಕೆ ಸೇರಿ ಎಷ್ಟು ವರ್ಷ ಆಯ್ತಮ್ಮ?”

ಅವಳು ಕೌಂಟರಿನ ಅಂಚು ಹಿಡಿದುಕೊಂಡಳು.

“ಮೂವತ್ತೊಂದು,” ಎಂದಳು.