ಸತ್ತವರಲ್ಲಿ ಮೊದಲ ಆಯ್ಕೆ

ಸುಣ್ಣದಗೂಡು ಬಡಾವಣೆಯ ಫುಟ್‌ಬಾಲ್ ತಂಡ ಈ ಸಲವೂ ಲೀಗಿನಲ್ಲಿ ಕಟ್ಟಕಡೆಗೆ ಬಿದ್ದಿದ್ದರಿಂದ, ಎಂದಿನಂತೆ ಸತ್ತ ಆಟಗಾರರ ಪಟ್ಟಿ ಮೊದಲು ಅವರ ಕೈಗೇ ಬಂತು. ತಂಡಕ್ಕೊಬ್ಬರಂತೆ ಆಯ್ಕೆಯಾದ ಸತ್ತವರು ಎದ್ದು ಬಂದು ಒಂದು ಸೀಸನ್ ಆಡಿ ವಾಪಸು ಹೋಗುತ್ತಾರೆ.

“ಫಾರ್ವರ್ಡ್ ತಗೊಳ್ಳಮ್ಮ, ಗೋಲು ಹೊಡೆಯೋರೇ ಇಲ್ಲ ನಮ್ಮಲ್ಲಿ,” ಎಂದರು ಕಾರ್ಯದರ್ಶಿ ಚೌರಪ್ಪ, ಬೋಂಡಾ ಮುರಿಯುತ್ತ.

“ಮೂವತ್ತೆಂಟು ಗೋಲು ತಿಂದಿದ್ದೀವಿ ಅಣ್ಣ. ಗೋಲ್‌ಕೀಪರೇ ಬೇಕು,” ಎಂದಳು ಕೋಚ್ ಸಲೋಮಿ.

“ಪಟ್ಟೀಲಿರೋ ಒಳ್ಳೆ ಕೀಪರ್ ಅಂದ್ರೆ ನಿಮ್ಮಪ್ಪ ಒಬ್ರೇ. ಹೆಣ್ಮಕ್ಕಳಿಗ್ಯಾಕೆ ಫುಟ್‌ಬಾಲು ಅಂತ ನಿನ್ನ ಮೈದಾನದ ಗೆರೆಯಾಚೆ ಆಟಗಾರರ ಚಪ್ಪಲಿ ಕಾಯೋಕೆ ಕೂರಿಸ್ತಿದ್ದ ಮನುಷ್ಯ! ನೀನೇ ಕೋಚ್ ಅಂತ ಗೊತ್ತಾದ್ರೆ ಇನ್ನೊಂದ್ಸಲ ಸಾಯ್ತಾರೆ.”

ಸಲೋಮಿ ನಗುತ್ತ ಅಪ್ಪನ ಹೆಸರನ್ನೇ ಬರೆದಳು.

“ಬರಲಿ ಬಿಡಿ. ಮೊದಲನೇ ಮ್ಯಾಚು ಹೊರಗೆ ಕೂತು ನನ್ನ ಚಪ್ಪಲಿ ಕಾಯ್ಲಿ.”